ಶ್ರಾವಣ ಸೋಮವಾರದ ಗುಳಿಗೆ

ರಕ್ತ ಕಡಿಮೆಯಿದೆ ಎಂದು ಡಾಕ್ಟರು ನನಗೆ ಕಬ್ಬಿಣದ ಗುಳಿಗೆ ಬರೆದುಕೊಟ್ಟರು. ಮನೆಗೆ ಬಂದು ಒಂದನ್ನು ಬಾಯಿಗಿಟ್ಟುಕೊಂಡೆ. ತುಕ್ಕು ಹಿಡಿದ ಬಕೀಟಿನ ನೀರಿನಂಥ ವಾಸನೆ. ಅದರ ಬೆನ್ನಿಗೇ ನರ್ಸ್‌ಬಾಯಿ ನೆನಪಾದರು...

ಆಗ ನಾನು ಕಳ್ಳಕವಟಗಿಯ ಆಚೆಯ ಒಂದು ಹಳ್ಳಿ ಶಾಲೆಯಲ್ಲಿ ಹೊಸ ಟೀಚರು. ನರ್ಸ್‌ಬಾಯಿ ಪ್ರತಿ ಸೋಮವಾರ ತಿಕೋಟಾದಿಂದ ಟಂಟಂ ಆಟೋ ಹಿಡಿದು ಬರುತ್ತಿದ್ದರು. ಹುಡುಗಿಯರ ಕೆಳರೆಪ್ಪೆ ಎಳೆದು ನೋಡುವರು, ತೂಕ ಹಾಕುವರು, ಬಿಸಿಯೂಟವಾದ ಮೇಲೆ ಒಂದೊಂದು ಗುಳಿಗೆ ಕೊಡುವರು. ಗಲ್ಲದೊಳಗೆ ಅಡಗಿಸಿಟ್ಟು ಆಮೇಲೆ ಉಗುಳುವವರೂ ಇದ್ದರು. ಅದಕ್ಕೇ ನೀರು ಕುಡಿಸಿ, ಅಪ್ಪನ ಹೆಸರು, ಅಜ್ಜನ ಹೆಸರು ಜೋರಾಗಿ ಹೇಳಿಸಿಯೇ ಬಿಡುತ್ತಿದ್ದರು.

ಆಮೇಲೆ ನಾವಿಬ್ಬರೂ ಪಡಸಾಲೆಯಲ್ಲಿ ಬುತ್ತಿ ಬಿಚ್ಚುತ್ತಿದ್ದೆವು. ಅವರಿಗೆ ಮಕ್ಕಳಿರಲಿಲ್ಲ, ಗಂಡನ ಮಾತು ಎತ್ತುತ್ತಿರಲಿಲ್ಲ. ನನಗೂ ಆ ಊರಲ್ಲಿ ಯಾರೂ ಇರಲಿಲ್ಲ. “ಟೀಚರ, ಇವು ರೊಟ್ಟಿ ಅಲ್ರಿ, ಪರಸಿ ಕಲ್ಲು,” ಎಂದು ನಕ್ಕು, ನನ್ನ ದಪ್ಪ ರೊಟ್ಟಿ ತಾವು ತಿಂದು ತಮ್ಮ ತೆಳ್ಳನೆಯವನ್ನು ನನಗೆ ಕೊಡುತ್ತಿದ್ದರು. ಉಳಿದ ದಿನ ನಾನು ಒಬ್ಬಳೇ ಉಣ್ಣುತ್ತಿದ್ದೆ.

ಒಂದು ಶ್ರಾವಣ ಸೋಮವಾರ ಅವರಿಗೆ ಬೇರೆ ಊರಲ್ಲಿ ಲಸಿಕೆಯ ಕೆಲಸ ಬಂತು. ಹಿಂದಿನ ವಾರವೇ ಡಬ್ಬಿಯನ್ನು ನನ್ನ ಕೈಗಿಟ್ಟರು. ಶ್ರಾವಣ ಸೋಮವಾರ ದೊಡ್ಡ ಹುಡುಗಿಯರು ಸಂಜೆಯವರೆಗೂ ಉಪವಾಸ ಇರುತ್ತಾರೆ, ಅವರಿಗೆ ಮಂಗಳವಾರ ಉಂಡ ಮೇಲೆ ಕೊಡಿ ಎಂದು ಎರಡೆರಡು ಸಲ ಹೇಳಿದರು. ನಾನು ಮಂಗಳವಾರ ರಜೆ ಹಾಕಿದ್ದೆ, ಸೋಮವಾರ ಮಧ್ಯಾಹ್ನವೇ ವಿಜಯಪುರದ ಬಸ್ಸು ಹಿಡಿಯಬೇಕಿತ್ತು. ಪ್ರಾರ್ಥನೆ ಮುಗಿದದ್ದೇ ತಡ, ಎಲ್ಲರಿಗೂ ಹಂಚಿಬಿಟ್ಟೆ.

ಸ್ವಲ್ಪ ಹೊತ್ತಿಗೇ ಏಳೆಂಟು ಹುಡುಗಿಯರು ವಾಂತಿ ಮಾಡಿಕೊಂಡರು. ಒಬ್ಬಳು ಎಚ್ಚರ ತಪ್ಪಿದಳು. ಸಂಜೆಗೆ ಎಲ್ಲರೂ ಸುಧಾರಿಸಿದರು, ಆದರೆ ನರ್ಸ್‌ಬಾಯಿಯ ಗುಳಿಗೆಯಿಂದ ಹೀಗಾಯಿತೆಂದು ಊರೆಲ್ಲ ಮಾತಾಯಿತು.

ಮುಂದಿನ ಸೋಮವಾರ ತಾಯಂದಿರು ಅವರನ್ನು ಶಾಲೆಯ ಅಂಗಳದಲ್ಲಿ ತಡೆದರು. ಎಚ್ಚರ ತಪ್ಪಿದ ಹುಡುಗಿಯ ತಾಯಿ, “ಒಂದು ಹಡದಿದ್ರ ಗೊತ್ತಾಗತಿತ್ತು ಬೇ ನಿನಗ, ಹೊಟ್ಟಿ ಸಂಕಟ,” ಅಂದಳು.

ನರ್ಸ್‌ಬಾಯಿ ಒಂದು ಸಲ ನನ್ನ ಕಡೆ ನೋಡಿದರು. ನಾನು ಹಾಜರಿ ಪುಸ್ತಕದ ಹಾಳೆ ತಿರುವುತ್ತ ನಿಂತೆ...

“ತಪ್ಪ ನಂದ ಐತ್ರಿ ಯವ್ವಾ,” ಅಂದರು ಅವರು. “ನನ್ನ ಬೈರಿ. ಗುಳಿಗಿ ಮಾತ್ರ ಬಿಡಸಬ್ಯಾಡ್ರಿ. ಹುಡುಗ್ಯಾರ ಮೈಯಾಗ ರಕ್ತ ಇಲ್ರಿ.”

ಬಹಳ ಹೊತ್ತಿನ ಮೇಲೆ ತಾಯಂದಿರು ಒಪ್ಪಿದರು. ಆದರೆ ಗುಳಿಗೆಯನ್ನು ಟೀಚರೇ ಕೊಡಬೇಕು, ಈಕೆ ಶಾಲೆಯೊಳಗೆ ಕಾಲಿಡಬಾರದು ಎಂದರು.

ಅಂದಿನಿಂದ ಅವರು ಗೇಟಿನ ಹೊರಗೇ ಡಬ್ಬಿ ಕೊಟ್ಟು, ಅದೇ ಟಂಟಂ ಹತ್ತಿ ಹೋಗುತ್ತಿದ್ದರು. ಊಟಕ್ಕೆ ಕರೆದರೆ ಮುಂದಿನ ಊರಲ್ಲಿ ಕೆಲಸವಿದೆ ಅನ್ನುವರು. ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ತಪ್ಪು ಒಪ್ಪಿಕೊಳ್ಳಲು ನನಗೂ ಬಾಯಿ ಬರುತ್ತಿತ್ತೇನೋ... ದೀಪಾವಳಿ ಕಳೆದ ಮೇಲೆ ಅವರಿಗೆ ನಿಡೋಣಿಯ ಕಡೆ ವರ್ಗವಾಯಿತು. ಹೋಗಿ ಕಾಣಬೇಕು, ಕಾಣಬೇಕು ಅನ್ನುತ್ತಲೇ ವರ್ಷಗಳು ಹೋದವು.

ನಾನು ಗುಳಿಗೆ ಶುರುಮಾಡಿದ ಮೇಲೆ, ಮೊನ್ನೆ ವಿಜಯಪುರದ ಸಿದ್ಧೇಶ್ವರ ಗುಡಿಯ ಹತ್ತಿರ ಕಾಯಿಪಲ್ಲೆ ಕೊಳ್ಳುವಾಗ ಅಂದು ಅವರನ್ನು ಬೈದ ಆ ತಾಯಿಯೇ ಸಿಕ್ಕಳು. ಮಗಳನ್ನು ನಿಡೋಣಿಗೆ ಕೊಟ್ಟಿದ್ದಾಳಂತೆ, ಎರಡು ಮಕ್ಕಳಂತೆ. ಎಲ್ಲ ನೀವು ಗುಳಿಗೆ ಕೊಟ್ಟ ಕೈಗುಣ ಅಂದಳು. ನನಗೆ ತಡೆಯಲಾಗಲಿಲ್ಲ. ಅಂದು ಉಪವಾಸದ ಹೊಟ್ಟೆಗೆ ಗುಳಿಗೆ ಕೊಟ್ಟವಳು ನಾನು, ನರ್ಸ್‌ಬಾಯಿ ಅಲ್ಲ ಎಂದು ಹೇಳಿಬಿಟ್ಟೆ.

ಅವಳು ಕೈಯಲ್ಲಿದ್ದ ಸೊಪ್ಪಿನ ಕಟ್ಟನ್ನು ಚೀಲಕ್ಕೆ ಹಾಕಿಕೊಂಡಳು. ಆಮೇಲೆ, “ನನ್ನ ಮಗಳ ಎರಡೂ ಬಾಣಂತನದಾಗ ಅವ್ರ ಬಂದ ನೋಡತಿದ್ರು. ಒಂದಿನಾನೂ ನಿಮ್ಮ ಹೆಸರ ಎತ್ತಲಿಲ್ಲ,” ಅಂದಳು. “ತೀರಿ ಮೂರು ವರ್ಷ ಆತ್ರಿ. ಈಗ ನಾ ಯಾರ ಮುಂದ ಹೋಗಿ ತಪ್ಪಾತು ಅನ್ಲಿ?”

ಸೆರಗು ಎಳೆದುಕೊಂಡು ನಡೆದೇಬಿಟ್ಟಳು. ಕೊನೆಗಾಲದಲ್ಲಿ ಅವರ ಹತ್ತಿರ ಯಾರಿದ್ದರು ಎಂದು ಕೇಳಬೇಕಿತ್ತು. ಅಷ್ಟರಲ್ಲಿ ಅವಳು ಮಂದಿಯೊಳಗೆ ಕಾಣದಾಗಿದ್ದಳು.