ಅಕ್ಕ ಸುಮ್ಮನಿರಲು ಕಲಿತದ್ದು

ಹೋದ ತಿಂಗಳು ತೀರಿಕೊಂಡ ನಮ್ಮ ಗೆಳತಿಯನ್ನು ಆಫೀಸಿನಲ್ಲಿ ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು, ಅವಳಿಗಿಂತ ದೊಡ್ಡವರೂ. ಸಾಫ್ಟ್‌ವೇರ್ ಬರೆಯುವುದರಲ್ಲಿ ಪಳಗಿದ ಕೈ. ಹೊಸಬರನ್ನು ತಿದ್ದುವ ಕೆಲಸ ತಾನಾಗಿ ಅವಳ ಹೆಗಲೇರಿತ್ತು. ಯಾರಾದರೂ ಪರದೆಯ ಮುಂದೆ ತಲೆ ಕೆರೆದುಕೊಂಡರೆ ಸಾಕು, ಕುರ್ಚಿ ಎಳೆದುಕೊಂಡು ಬಂದು, "ಸ್ವಲ್ಪ ಈ ಕಡೆ ಕೊಡು" ಎಂದು ಕೀಬೋರ್ಡನ್ನು ತನ್ನತ್ತ ಸರಿಸಿಕೊಳ್ಳುತ್ತಿದ್ದಳು. ನೋಡನೋಡುತ್ತ ತಪ್ಪು ಮಾಯ. ಪಕ್ಕದವರು ಒದ್ದಾಡುವುದನ್ನು ಅವಳಿಂದ ನೋಡಲಾಗುತ್ತಿರಲಿಲ್ಲ, ಅಷ್ಟೆ. ಮನೆಯಲ್ಲೂ ಅದೇ ಕಥೆ. "ನಮ್ಮ ಮದುವೆಗೆ ಒಪ್ಪಿಗೆ ಕೇಳಿದಾಗ ನನ್ನ ಪರವಾಗಿ ಹೂಂ ಅಂದದ್ದೂ ಇವಳೇ" ಎಂದು ಗಂಡ ಬಂದವರ ಮುಂದೆಲ್ಲ ಕಾಲೆಳೆಯುತ್ತಿದ್ದ.

ಒಂದು ವರ್ಷ ಅವಳ ಕೈಕೆಳಗೆ ಬಂದವಳು ಮೊದಲು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದ ಹೆಂಗಸು. ಎಲ್ಲರ ಬಾಯಲ್ಲಿ ಟೀಚರ್ ಆದಳು. ಎರಡು ಮಕ್ಕಳ ತಾಯಿ, ಇದ್ದ ಕೆಲಸ ಬಿಟ್ಟು ಹೊಸದಾಗಿ ಓದಿ ಬಂದಿದ್ದಳು. ಪ್ರೊಬೇಷನ್ ದಾಟಿದರೆ ಕೆಲಸ ಖಾಯಂ. ಆದರೆ ತುಂಬ ನಿಧಾನಿ; ಒಂದು ಸಾಲು ಬರೆಯುವ ಮೊದಲು ಹಾಳೆಯ ಮೇಲೆ ಬಾಣ, ಚೌಕ ಹಾಕಿ ಯೋಚಿಸಬೇಕು. ಅಕ್ಕನಿಗೆ ಅವಳೆಂದರೆ ಜೀವ. ಹೇಗಾದರೂ ಇವಳು ಉಳಿಯಬೇಕೆಂಬ ಹಟದಲ್ಲಿ, ಟೀಚರ್ ಚೌಕ ಹಾಕುತ್ತಿರುವಾಗಲೇ ಅಕ್ಕ ಕೋಡ್ ಬರೆದು ಮುಗಿಸಿರುತ್ತಿದ್ದಳು.

ಪ್ರೊಬೇಷನ್ ಮುಗಿಯುವ ವಾರ ಮ್ಯಾನೇಜರ್ ಇಬ್ಬರನ್ನೂ ಗಾಜಿನ ಕೋಣೆಗೆ ಕರೆದ. ಟೀಚರ್ ಹೆಸರಿನಲ್ಲಿದ್ದ ಕೋಡನ್ನು ಗೋಡೆಯ ಮೇಲೆ ತೋರಿಸಿ, ಒಂದೇ ಆರ್ಡರ್ ಎರಡು ಸಲ ಬಂದರೆ ಇಲ್ಲಿ ಏನಾಗುತ್ತದೆ ಎಂದು ಕೇಳಿದ. ಟೀಚರ್ ಗೋಡೆಯನ್ನೇ ನೋಡುತ್ತ ನಿಂತಳು. ಅಕ್ಕ ತಡೆಯಲಾರದೆ ಉತ್ತರವನ್ನು ತಾನೇ ಹೇಳಿಬಿಟ್ಟಳು, ಪೂರ್ತಿಯಾಗಿ, ಅಚ್ಚುಕಟ್ಟಾಗಿ. ಮ್ಯಾನೇಜರ್ ತಲೆಯಾಡಿಸಿ ಲ್ಯಾಪ್‌ಟಾಪ್ ಮುಚ್ಚಿದ. ಶುಕ್ರವಾರ ಟೀಚರ್ ಕೆಲಸ ಹೋಯಿತು.

ಲಿಫ್ಟಿನ ಮುಂದೆ ಚೀಲ ಹಿಡಿದು ನಿಂತವಳು ಮೆಲ್ಲಗೆ ಹೇಳಿದಳು: "ನನಗೆ ಉತ್ತರ ಗೊತ್ತಿತ್ತು ಅಕ್ಕ. ಬಾಯಿಗೆ ಬರ್ತಾ ಇತ್ತು. ನೀವು ಇನ್ನೊಂಚೂರು ತಡೆದಿದ್ರೆ ಸಾಕಿತ್ತು."

ಆಮೇಲೆ ಅಕ್ಕ, ತಾನೇ ಹಿಂದೆ ಗೇಲಿ ಮಾಡುತ್ತಿದ್ದ ತರಬೇತಿಗೆ ಹೋದಳು. ಹಿರಿಯರು ಕಿರಿಯರ ಮಾತನ್ನು ಹೇಗೆ ಕೇಳಿಸಿಕೊಳ್ಳಬೇಕು ಎಂದು ಆಪ್ತಸಮಾಲೋಚಕಿಯೊಬ್ಬರು ಅಲ್ಲಿ ಹೇಳಿಕೊಡುತ್ತಿದ್ದರು. ಪ್ರಶ್ನೆ ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡಿರುವುದೇ ಅರ್ಧ ವಿದ್ಯೆಯಂತೆ. ಅಕ್ಕ ಎರಡೂ ಕೈಗಳನ್ನು ತೊಡೆಯಡಿ ಅದುಮಿಕೊಂಡು ಹೊಸಬರ ಪಕ್ಕ ಕೂರತೊಡಗಿದಳು. ಇಲ್ಲಿಯವರೆಗೆ ಏನೇನು ಮಾಡಿ ನೋಡಿದೆ, ಎಲ್ಲಿ ಕೈಕೊಡುತ್ತಿದೆ ಅನ್ನಿಸುತ್ತದೆ ಎಂದು ಕೇಳಿ ಕಾಯುವಳು. ಅಕ್ಕನದು ಮೌನವ್ರತ ಎಂದು ಹುಡುಗರು ನಕ್ಕರು. ನಗುನಗುತ್ತಲೇ ಸ್ವಂತ ಕಾಲಮೇಲೆ ನಿಂತರು. ಹಾಗೆ ಒಬ್ಬೊಬ್ಬರು ನಿಂತಾಗಲೂ ಅವಳಿಗೆ ಖುಷಿಗಿಂತ ಹೆಚ್ಚು ಟೀಚರ್ ನೆನಪಾಗುತ್ತಿತ್ತು.

ಆಮೇಲೆ ಅವಳಿಗೆ ಕಾಯಿಲೆ ಬಂತು. ಅದು ಬಲಿತ ಮೇಲೂ ಆಫೀಸಿಗೆ ಹೋಗಿ, ಟೀಚರನ್ನು ಇನ್ನೊಮ್ಮೆ ತೆಗೆದುಕೊಳ್ಳುವಂತೆ ಮ್ಯಾನೇಜರ್ ಬೆನ್ನುಬಿದ್ದು ಒಪ್ಪಿಸಿದಳು. ಅಂದೇ ಮನೆಗೆ ಬಂದು ಅವಳಿಗೆ ಫೋನ್ ಮಾಡಿದಳು. ಟೀಚರ್ ಹಳೆಯ ಶಾಲೆಗೇ ಮರಳಿದ್ದಳು. ಕೋಪವೇನೂ ಇಲ್ಲ ಎಂದಳು, ಆರೋಗ್ಯ ವಿಚಾರಿಸಿದಳು, ಆಮೇಲೆ ಒಲ್ಲೆ ಎಂದಳು. "ನನಗೆ ಬರಲ್ಲ ಅಕ್ಕ, ಬಿಡಿ. ಅದು ನಿಮ್ಮಂಥವರಿಗೆ."

ಸುಳ್ಳು ಎಂದು ಅಕ್ಕನಿಗೆ ಗೊತ್ತಿತ್ತು. ಆದರೂ ವಾದಿಸಲಿಲ್ಲ, ಟೀಚರ್ ಪರವಾಗಿ ಇನ್ನೊಮ್ಮೆ ಮಾತಾಡುವ ಧೈರ್ಯ ಅವಳಲ್ಲಿರಲಿಲ್ಲ. ಆಯ್ತಮ್ಮ ಎಂದು ಫೋನ್ ಇಟ್ಟಳು.

ಏನಂದಳು ಎಂದು ಗಂಡ ಕೇಳಿದ.

"ಅವಳಿಗೆ ಬರಲ್ವಂತೆ. ಅವಳಿಗೆ ನಾನು ಕಲಿಸಿದ್ದು ಅದೊಂದೇ ನೋಡಿ."