ಬಸಲಿಂಗಪ್ಪ ಸಾವ್ಕಾರರ ಪಗಾರ

"ಮಾಸ್ತರ, ಒಳಗ ಬರ್ಲೇನ್ರಿ?"

ಬಸಲಿಂಗಪ್ಪ ಸಾವ್ಕಾರರು ದಿನಾ ಮುಂಜಾನೆ ಹೊಸ್ತಿಲಾಚೆ ನಿಂತು ಹೀಗೆ ಕೇಳುತ್ತಿದ್ದರು. ಹೊಸ್ತಿಲು ಅವರದು, ವಾಡೆ ಅವರದು, ವಾಡೆಯ ಪಡಸಾಲೆಯಲ್ಲಿ ನಡೆಯುತ್ತಿದ್ದ ಇಂಗ್ಲಿಷ್ ಶಾಲೆಯೂ ಅವರದೇ. ನಾನು ಅವರಲ್ಲಿ ಪಗಾರಕ್ಕಿದ್ದ ಮಾಸ್ತರ. ಆದರೂ ನಾನು "ಬರ್ರಿ" ಎನ್ನುವ ತನಕ ಅವರು ಒಳಗೆ ಕಾಲಿಡುತ್ತಿರಲಿಲ್ಲ. ಬಂದ ಮೇಲೂ ಕುರ್ಚಿಯ ಬೆನ್ನು ಹಿಡಿದು ನಿಂತು, "ನಿಮ್ಮ ಕುರ್ಚಿ ಮ್ಯಾಲ ತುಸು ಕೂಡ್ಲೇನ್ರಿ? ಮೊಣಕಾಲು ಹಿಡದಾವ" ಎಂದು ಇನ್ನೊಮ್ಮೆ ಅಪ್ಪಣೆ ಕೇಳುವರು. ಹಣೆ ತುಂಬ ವಿಭೂತಿ, ತಲೆಗೆ ಜರಿ ರುಮಾಲು, ಬಾಗಿಲಲ್ಲಿ ಬಗ್ಗಿ ಬರಬೇಕಾದ ಎತ್ತರದ ಆಳು. ಅಂಥವರು ನನ್ನೆದುರು ಹಾಗೆ ನಿಂತರೆ ಹುಡುಗರ ಮುಂದೆ ನನಗೆ ನೆಲ ಬಾಯಿ ಬಿಡಬಾರದೇ ಅನಿಸುತ್ತಿತ್ತು.

ಇದು ಹೇಗಾಯಿತೆಂದು ಹೇಳಬೇಕಾದರೆ ನಾನು ಪರದೇಶಕ್ಕೆ ಹೋದ ಕತೆಯನ್ನು ಹೇಳಬೇಕು. ನಕ್ಕರೆ ನಗಲಿ. ನಿಜಾಮರ ಆಳ್ವಿಕೆಯ ಕೊನೆಗಾಲದಲ್ಲಿ ವಿಜಾಪುರ ಸೀಮೆಯ ನನ್ನಂಥವನಿಗೆ ಶಹಾಪುರ ಪರದೇಶವೇ ಆಗಿತ್ತು. ಮಾತು ಒಂದೇ, ರೊಟ್ಟಿ ಒಂದೇ, ಪುಂಡಿಪಲ್ಯವೂ ಒಂದೇ. ಆದರೆ ನಡುವೆ ಸುಂಕದ ನಾಕೆ, ಬೇರೆ ಟಪಾಲು, ಬೇರೆ ನಾಣ್ಯ, ಕಚೇರಿಯ ತುಂಬ ಉರ್ದು. ನಮ್ಮ ಇಂಗ್ಲಿಷರ ರೂಪಾಯಿಗೆ ಅಲ್ಲಿ ಕಲದಾರ್ ಎನ್ನುವರು, ನಿಜಾಮರ ರೂಪಾಯಿಗೆ ಹಾಲಿ ಸಿಕ್ಕಾ. ಕಲದಾರಿಗೆ ಬೆಲೆ ಹೆಚ್ಚು. ಆ ಲೆಕ್ಕದಲ್ಲಿ ನನಗೂ "ಕಲದಾರ್ ಸೀಮಿ ಮಾಸ್ತರ" ಎಂದು ಹೆಸರು ಬಿದ್ದು, ಇಲ್ಲದ ಬೆಲೆ ಬಂತು.

ಮೆಟ್ರಿಕ್ ಪಾಸಾಗಿ, ಮದುವೆಯೂ ಆಗಿ, ಕೆಲಸವಿಲ್ಲದೆ ಕಟ್ಟೆಯ ಮೇಲೆ ಕೂತಿದ್ದೆ. ಹೆಂಡತಿ ಗಿರಿಜಾ ತವರಿನಲ್ಲಿದ್ದಳು. ನಮ್ಮ ಮಾವನವರು ಮಾತಿಗೆ ಗಟ್ಟಿ. "ಕೈಯಾಗ ಕೆಲಸ, ಒಲಿ ಹೂಡಾಕ ನಿಮ್ಮದಂತ ಒಂದು ಬಿಡಾರ. ಎರಡೂ ನನ್ನ ಕಣ್ಣಿಲೆ ನೋಡತೀನಿ, ಆಮ್ಯಾಲ ಮಗಳನ್ನ ಕಳಸತೀನಿ" ಎಂದಿದ್ದರು. ಹೀಗಾಗಿ ಶಹಾಪುರದಲ್ಲಿ ಒಬ್ಬ ಸಾವ್ಕಾರರಿಗೆ ಇಂಗ್ಲಿಷ್ ಮಾಸ್ತರ ಬೇಕಂತೆ, ಪಗಾರ ಕಲದಾರಿನಲ್ಲಂತೆ ಎಂಬ ಸುದ್ದಿ ಕಿವಿಗೆ ಬಿದ್ದದ್ದೇ ತಡ, ರೈಲು ಹತ್ತಿ ಯಾದಗಿರಿಗೆ ಬಂದಿಳಿದೆ. ಭೀಮಾ ನದಿಯನ್ನು ಹರಗೋಲಿನಲ್ಲಿ ದಾಟಿಸಿದ ಅಂಬಿಗರ ಭೀಮಣ್ಣ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಸಾವ್ಕಾರ್ರು ನಿಮಗ ಪಗಾರ ಕೊಡತಾರಂತೇನ್ರಿ?" ಎಂದು ಕೇಳಿದ. ಹೌದೆಂದೆ. ಆಚೆ ದಡ ಮುಟ್ಟುವ ತನಕ ಅವನು ನಗುತ್ತಲೇ ಇದ್ದ.

ಸಾವ್ಕಾರರದು ಹತ್ತಿಯ ವ್ಯಾಪಾರ. ಯಾದಗಿರಿಯಲ್ಲಿ ಗಿರಣಿ ಇತ್ತು, ದರ ಬಿದ್ದು ಅದು ನಿಂತುಹೋಗಿತ್ತು. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಇಂಥವರು ಶಾಲೆ ಯಾಕೆ ತೆರೆದರು? ಸುರಪುರದಲ್ಲಿದ್ದ ಅವರ ಷಡ್ಡಕರು ಗ್ರಾಮಫೋನ್ ತಂದಿದ್ದರು. ಅದಕ್ಕೆ ಸರಿಗಟ್ಟುವಂಥದ್ದು ಏನಾದರೂ ಮನೆಯಲ್ಲಿ ಇರಬೇಕಲ್ಲ ಎಂದು ಇವರು ಇಂಗ್ಲಿಷ್ ಮಾಸ್ತರನನ್ನು ತಂದರು. ಮಾಸ್ತರ ಸುಮ್ಮನೆ ಕೂತರೆ ಚೆನ್ನಾಗಿರುವುದಿಲ್ಲವೆಂದು ಅವನ ಮುಂದೆ ಹುಡುಗರನ್ನು ಕೂಡಿಸಿದರು. ಶಾಲೆ ಹುಟ್ಟಿದ್ದು ಹೀಗೆ.

ಸಂಜೆ ಬಂದವರ ಮುಂದೆ ನನ್ನ ಕಚೇರಿ. "ಮಾಸ್ತರ, ತುಸು ಇಂಗ್ಲಿಷ್ ಆಗಲ್ರಿ" ಎನ್ನುವರು ಸಾವ್ಕಾರರು. ನನಗೆ ರೈಲು ಇಲಾಖೆಯ ಸೂಚನೆಗಳೂ ಒಂದು ಜ್ವರದ ಔಷಧದ ಬಾಟಲಿಯ ಮೇಲಿನ ಬರಹವೂ ಬಾಯಿಪಾಠವಿದ್ದವು. ಒಂದು ದಿನ ರೈಲು, ಒಂದು ದಿನ ಜ್ವರ. ಒಮ್ಮೆ ಷಡ್ಡಕರೇ ಸುರಪುರದಿಂದ ಬಂದರು. ನಾನು ಔಷಧವನ್ನು ಊಟದ ನಂತರ ಕುಡಿಯತಕ್ಕದ್ದೆಂಬುದನ್ನು ಏರು ದನಿಯಲ್ಲಿ ಒಪ್ಪಿಸುತ್ತಿದ್ದರೆ ಹತ್ತಿಕುಣಿಯಿಂದ ಬಂದಿದ್ದ ಮುದುಕರೊಬ್ಬರು ಕಣ್ಣೊರೆಸಿಕೊಂಡರು. ಷಡ್ಡಕರಿಗೆ ಮಾತ್ರ ಮನಸ್ಸು ತುಂಬಲಿಲ್ಲ.

"ಎಲ್ಲಾ ಖರೆ, ಇದರಾಗ ತಾಳ ಇಲ್ಲಲ್ರಿ" ಎಂದರು.

"ನಿಮ್ಮ ಪೆಟಗಿಗೆ ಹಾಡಹಾಡಿಗೂ ಕೀಲಿ ಕೊಡಬೇಕು. ನಮ್ಮ ಮಾಸ್ತರಗ ಒಂದು ಕಪ್ ಚಹಾ ಸಾಕು" ಎಂದರು ಸಾವ್ಕಾರರು. ಷಡ್ಡಕರು ಅವತ್ತು ಊಟಕ್ಕೂ ನಿಲ್ಲದೆ ಹೋದರು.

ಮೊದಲ ತಿಂಗಳ ಪಗಾರ ಕೈಗೆ ಬಂತು. ಕಲದಾರಲ್ಲ, ಹಾಲಿ ಸಿಕ್ಕಾ. ಇರಲಿ ಎಂದುಕೊಂಡೆ. ಎರಡನೆಯ ತಿಂಗಳು ಸಾವ್ಕಾರರು ನಗುನಗುತ್ತ ಬಂದು, "ಪಗಾರ ತಯಾರ ಅದ್ರಿ. ಎತ್ತಾಕ ಇಬ್ಬರು ಆಳು ಬೇಕು" ಎಂದರು. ಹೋಗಿ ನೋಡಿದರೆ ಆಳೆತ್ತರದ ನಿಲುಗನ್ನಡಿ. ನನ್ನ ಪಗಾರದೊಳಗೆ ನಾನೇ ಬಾಯಿ ತೆರೆದು ನಿಂತಿದ್ದೆ.

"ಇದನ್ನ ತಗೊಂಡು ಏನ ಮಾಡ್ಲಿರಿ?"

"ಮಾರ್ರಿ! ನಿಮ್ಮ ಪಗಾರಕಿಂತ ಹೆಚ್ಚಿಗಿ ಬರತದ. ಹೆಚ್ಚಿಗಿ ಬಂದದ್ದು ಖುಷೀಲೆ ಇಟ್ಕೋರಿ."

ಮಾರಲು ಹೋದೆ. ಶಹಾಪುರದ ಪೇಟೆಯಲ್ಲಿ ಯಾರೂ ಅದನ್ನು ಕಣ್ಣೆತ್ತಿ ಕೂಡ ನೋಡಲಿಲ್ಲ. ಸಾವ್ಕಾರರ ಮನೆಯ ಸಾಮಾನು ಕೊಂಡರೆ ಸಾವ್ಕಾರರು ಮುಳುಗಿದರೆಂದು ಡಂಗುರ ಹೊಡೆದಂತೆ. ಅವರ ಹಿರಿಯರ ಉಪ್ಪು ತಿಂದ ಊರು ಆ ಕೆಲಸ ಮಾಡಲು ತಯಾರಿರಲಿಲ್ಲ. ಅವರು ಮುಳುಗಿದ್ದು ಎಲ್ಲರಿಗೂ ಗೊತ್ತು, ಗೊತ್ತಿಲ್ಲದಂತೆ ಇರುವುದೇ ಮರ್ಯಾದೆ. ಆ ಮರ್ಯಾದೆಯ ಭಾರ ಹೊತ್ತವನು ಮಾತ್ರ ನಾನು.

ಮುಂದಿನ ತಿಂಗಳುಗಳಲ್ಲಿ ಗೋಡೆ ಗಡಿಯಾರ ಬಂತು, ತಾಮ್ರದ ಹಂಡೆ ಬಂತು, ಹತ್ತಿ ತೂಗುವ ದೊಡ್ಡ ತಕ್ಕಡಿ ಬಂತು, ಆಮೇಲೆ ಶಾಲೆಯ ಕುರ್ಚಿಗಳೆಲ್ಲ ಬಂದವು. ಬಂದವು ಎಂದರೆ ಇದ್ದಲ್ಲೇ ಇದ್ದವು, ಯಜಮಾನಿಕೆ ಮಾತ್ರ ನನಗೆ ಬಂತು. ಹೊಟ್ಟೆಗೆ ತೊಂದರೆ ಇರಲಿಲ್ಲ. ಊಟ ಅವರ ಮನೆಯಲ್ಲೇ, ಸುತ್ತಲ ಹಳ್ಳಿಗಳಿಂದ ಬರುತ್ತಿದ್ದ ಹುಡುಗರ ಅಪ್ಪಂದಿರು ಜೋಳ, ತೊಗರಿಬೇಳೆ ತಂದು ಹಾಕುತ್ತಿದ್ದರು. ಆದರೆ ಗಿರಿಜಾಳ ನೆನಪಾದಾಗಲೆಲ್ಲ ಸಂಕಟವಾಗುತ್ತಿತ್ತು. ಮಾವನವರಿಗೆ ಏನೆಂದು ಬರೆಯಲಿ? ಪಗಾರ ಚೆನ್ನಾಗಿದೆ, ಅದರಲ್ಲಿ ನೀರು ಕಾಯಿಸಬಹುದು ಎಂದೇ?

ಸಿಟ್ಟು ಬಂದು ಒಮ್ಮೆ ಜಗಳಕ್ಕೇ ನಿಂತೆ. ಸಾವ್ಕಾರರು ನನ್ನ ಸಿಟ್ಟಿಗೆ ಬೇರೆಯೇ ಕಾರಣ ಹುಡುಕಿದರು. "ಖರೇ ಅದ್ರಿ. ನಿಮ್ಮ ಕುರ್ಚಿ ಮ್ಯಾಲ ನಮ್ಮ ಶಾಲಿ ಪುಕ್ಕಟ ನಡಸೂದು ತಪ್ಪ. ಇನ್ನ ಮ್ಯಾಲ ಬಾಡಿಗಿ ಹಚ್ಚರಿ" ಎಂದರು. ಹೀಗೆ ನನ್ನ ಧಣಿಗಳು ನನಗೆ ಬಾಡಿಗೆದಾರರೂ ಆದರು. ಆ ಬಾಡಿಗೆಯೂ ಬಾಕಿ ಬಿತ್ತು. ಬಾಕಿಗೆಂದು ಕುದುರೆಯಿಲ್ಲದ ಒಂದು ಸಾರೋಟು ಕೊಟ್ಟರು. ಅದನ್ನು ನಿಲ್ಲಿಸಲು ಜಾಗ ಅವರದೇ ಅಂಗಳ. ನಾನು ಅಂಗಳಕ್ಕೆ ಬಾಡಿಗೆ ಕೊಡಬೇಕೇ ಎಂದು ಕೇಳಿದೆ. "ಛೇ ಛೇ, ನೀವು ನಮ್ಮ ಮಾಸ್ತರ" ಎಂದು ಕಿವಿ ಮುಟ್ಟಿಕೊಂಡರು.

ಅಪ್ಪಣೆ ಕೇಳಿ ಒಳಬರುವ ಪದ್ಧತಿ ಶುರುವಾದದ್ದು ಆಗಲೇ. ಮೊದಲು ಅಣಕಿಸುತ್ತಾರೆಂದುಕೊಂಡೆ. ಮುಖ ನೋಡಿದರೆ ಅಣಕದ ಸುಳಿವೂ ಇಲ್ಲ. ಕೊಟ್ಟದ್ದು ಕೊಟ್ಟಂತೆ, ಅಷ್ಟೇ ಅವರ ವಿಚಾರ.

ಕೊನೆಗೊಂದು ದಿನ, "ಈ ತಿಂಗಳ ಪಗಾರ ಎತ್ತಾಕ ಬರಂಗಿಲ್ರಿ, ನೀವೇ ಅದರಾಗ ಹೋಗಿ ಇರಬೇಕು" ಎಂದು ವಾಡೆಯ ಬೀದಿ ಬದಿಯ ಎರಡು ಕೋಣೆಗಳ ಕೀಲಿ ನನ್ನ ಕೈಗಿಟ್ಟರು. ನನಗೆ ಕಣ್ಣಲ್ಲಿ ನೀರು ಬಂತು. ಅಂದೇ ಮಾವನವರಿಗೆ ಬರೆದೆ. ಬಿಡಾರ ಇದೆ, ಬನ್ನಿ ಎಂದೆ. ಮಗಳನ್ನು ಕರೆದುಕೊಂಡು ತಾವೇ ಬರುವುದಾಗಿಯೂ, ನೋಡಿ ಮನಸ್ಸಿಗೆ ಬಂದರೆ ಬಿಟ್ಟು ಹೋಗುವುದಾಗಿಯೂ, ಬಾರದಿದ್ದರೆ ಅದೇ ರೈಲಿಗೆ ಹೊಳ್ಳಿ ಕರೆದೊಯ್ಯುವುದಾಗಿಯೂ ಉತ್ತರ ಬಂತು.

ಅವರ ಬಂಡಿ ವಾಡೆಯ ಮುಂದೆ ನಿಂತಿತು. ಗಿರಿಜಾ ಸೆರಗು ಸರಿಪಡಿಸಿಕೊಂಡು ಇಳಿದಳು. ಹಿಂದೆಯೇ ಇನ್ನೊಂದು ಬಂಡಿ. ಅದರಿಂದ ಇಳಿದವನು ಅದಾಲತ್ತಿನ ಅಮೀನ. ಸಾಲ ಕೊಟ್ಟವರ ಕಡೆಯಿಂದ ಸಾವ್ಕಾರರ ಮನೆಯ ಸಾಮಾನು ಜಪ್ತಿ ಮಾಡಲು ಬಂದಿದ್ದ. ಮಾವನವರ ಕಣ್ಣೆದುರು ನನ್ನ ಧಣಿಯ ದಿವಾಳಿ! ಮಗಳ ಪೆಟ್ಟಿಗೆ ಬಂಡಿಯಿಂದ ಇಳಿಸಬೇಡಿ ಎಂದು ಅವರು ಇನ್ನೇನು ಹೇಳುತ್ತಾರೆ ಎಂದುಕೊಂಡೆ.

ಅಮೀನ ಪಡಸಾಲೆಗೆ ನುಗ್ಗಿ ಗಡಿಯಾರಕ್ಕೆ ಬೆರಳು ತೋರಿಸಿದ. "ಇದು ಯಾರದು?"

"ಮಾಸ್ತರರದ್ರಿ" ಎಂದರು ಸಾವ್ಕಾರರು.

"ಈ ಕುರ್ಚಿಗೋಳು?"

"ಮಾಸ್ತರರವು."

"ನಿಲುಗನ್ನಡಿ? ಹಂಡೇ? ತಕ್ಕಡಿ?"

"ಅವೂ ಮಾಸ್ತರರವು. ಮುಟ್ಟೂ ಮದ್ಲ ಅವರಿಗೆ ಕೇಳ್ರಿ."

ಅಮೀನ ಅಂಗಳಕ್ಕೆ ಬಂದು ಸಾರೋಟು ನೋಡಿದ. ಸಾವ್ಕಾರರು ನನ್ನ ಕಡೆಗೆ ಕೈ ಮಾಡಿದರು. "ಹೌದೇನ್ರಿ?" ಎಂದು ಅಮೀನ ನನ್ನನ್ನೇ ಕೇಳಿದ. ನಾನು ದೇವರಾಣೆ ಮಾಡಿ ಹೌದೆಂದೆ. ಸುಳ್ಳೇನಲ್ಲವಲ್ಲ. ಊರ ಮಂದಿಯೂ ಗೋಣು ಹಾಕಿದರು. ಮಾವನವರ ಹುಬ್ಬು ಒಂದೊಂದು ಸಾಮಾನಿಗೂ ಮೇಲೇರುತ್ತಿತ್ತು.

ಅಮೀನನಿಗೆ ತಲೆ ಕೆಟ್ಟಿತು. "ಒಬ್ಬ ಮಾಸ್ತರಗ ಇಷ್ಟು ಮಾಲು ಎಲ್ಲಿಂದ ಬಂತು? ಹಂಗಾರ ಈ ಮಾಸ್ತರ ಯಾರದು?" ಎಂದು ರೇಗಿದ.

ಸಾವ್ಕಾರರು ನೆಟ್ಟಗೆ ನಿಂತರು. "ಅವರು ನಮ್ಮವರು. ಆದರ ಕಲದಾರ್ ಸೀಮಿಯವರ್ರಿ, ಜಪ್ತಿಗೆ ಬರಂಗಿಲ್ಲ."

ಕೊನೆಗೆ ಸಾವ್ಕಾರರ ಹೆಸರಿನಲ್ಲಿ ಸಿಕ್ಕದ್ದು ಒಂದು ಛತ್ರಿ ಮತ್ತು ಬಾಗಿಲ ಮೇಲಿನ ಶಾಲೆಯ ಬೋರ್ಡು. ಅಮೀನ ಎರಡನ್ನೂ ಬಂಡಿಗೆ ಹಾಕಿಕೊಂಡು ಹೋದ. ಗಿರಿಜಾಳ ಪೆಟ್ಟಿಗೆ ಇಳಿಯಿತು. ಹೊರಡುವಾಗ ಮಾವನವರು ನನ್ನನ್ನು ಬದಿಗೆ ಕರೆದು, "ಅಳಿಯಂದಿರ, ದೇವರು ನಿಮಗ ಕೊಟ್ಟಾನ. ನಿಮ್ಮ ಸಾವ್ಕಾರಗ ಏನರ ಸಹಾಯ ಮಾಡ್ರಿ. ಪಾಪ, ಒಂದು ಛತ್ರಿ ಉಳದಿತ್ತು, ಅದೂ ಹೋತು" ಎಂದರು.

ಸಾವ್ಕಾರರು ಜಪ್ತಿಯ ಸುಳಿವು ಹಿಡಿದು ಮೊದಲೇ ಮಸಲತ್ತು ಮಾಡಿದ್ದರೆಂದು ಊರಲ್ಲಿ ಮಾತಾಯಿತು. ನಾನೂ ಅವರನ್ನು ಕೇಳಿದೆ. ಅವರಿಗೆ ಬಹಳ ಬೇಸರವಾಯಿತು. "ಪಗಾರ ಕೊಡಬೇಕಾಗಿತ್ತು, ಕೊಟ್ಟೆ. ಇದರಾಗ ವಿಚಾರ ಮಾಡೂದು ಏನದ್ರಿ?" ಎಂದರು. ಸಾಮಾನನ್ನೆಲ್ಲ ಹೊಳ್ಳಿ ತೆಗೆದುಕೊಳ್ಳಿ ಎಂದದ್ದಕ್ಕೆ ಎಂಟು ದಿನ ಮಾತು ಬಿಟ್ಟರು. ಊರು ಏನೇ ಅನ್ನಲಿ, ನಾನು ಅವರ ಮಾತನ್ನೇ ನಂಬಿದೆ. ಈಗಲೂ ನಂಬುತ್ತೇನೆ.

ಗಿರಿಜಾ ಒಲೆ ಹೂಡಿದಳು. ಆಮೇಲೆ ಸಾವ್ಕಾರರ ಊಟ ನಮ್ಮ ಮನೆಯಲ್ಲಿ. "ನಮ್ಮ ಶಾಲಿ ಪಗಾರದಾಗ ಚಲೋ ಅಡಗಿ ಆಗತದ ನೋಡ್ರೆವ್ವ" ಎಂದು ಅವಳನ್ನು ಹೊಗಳುತ್ತ ಉಣ್ಣುವರು. ಅವಳು ಸೆರಗಿನಲ್ಲಿ ನಗು ಮುಚ್ಚಿಕೊಂಡು ಇನ್ನೊಂದು ರೊಟ್ಟಿ ಹಾಕುವಳು.

ಮುಂದೆ ನಿಜಾಮರ ಸೀಮೆಯಲ್ಲೆಲ್ಲ ಲೂಟಿ, ಹೊಡೆದಾಟದ ಗದ್ದಲದ ದಿನಗಳು ಬಂದವು. ಮಂದಿ ಮಕ್ಕಳನ್ನು ಹೊರಗೆ ಬಿಡದಾದರು, ಶಾಲೆ ನಿಂತಿತು. ಗಿರಿಜಾ ಬಸುರಿ. ಊರಿಗೆ ಹೋಗದೆ ದಾರಿಯಿರಲಿಲ್ಲ. ಆ ಸಾಮಾನನ್ನೆಲ್ಲ ಆ ದಿನಗಳಲ್ಲಿ ನಾಕೆ ದಾಟಿಸುವುದು ಆಗದ ಮಾತು. ನಮ್ಮನ್ನು ಕಳಿಸಲು ಸಾವ್ಕಾರರು ಯಾದಗಿರಿ ಸ್ಟೇಶನ್ನಿನ ತನಕ ಬಂದರು. ಅಲ್ಲಿ ನನಗೊಂದು ಉಪಾಯ ಹೊಳೆಯಿತು. "ನನ್ನ ಸಾಮಾನು ಕಾಯಾಕ ಒಬ್ಬ ನಂಬಿಗಸ್ತರು ಬೇಕ್ರಿ. ನೀವು ಇರತೀರೇನು? ಪಗಾರ ಕೊಡತೀನಿ" ಎಂದೆ. ಹಾಗಾದರೂ ಅವರ ಕೈಗೆ ನಾಲ್ಕು ಕಾಸು ಹೋಗಲೆಂದು ನನ್ನ ಆಸೆ. ಎಲ್ಲಿ ಸಿಟ್ಟಾಗುತ್ತಾರೋ ಎಂಬ ಹೆದರಿಕೆಯೂ ಇತ್ತು.

ಸಿಟ್ಟಾಗಲಿಲ್ಲ. ರುಮಾಲು ಸರಿಮಾಡಿಕೊಂಡು ವ್ಯವಹಾರಕ್ಕೆ ನಿಂತರು. "ಹಾಲಿಯೋ ಕಲದಾರೋ?"

"ಕಲದಾರ್."

"ದೀಪಾವಳಿಗಿ, ಯುಗಾದಿಗಿ ರಜಾ ಬೇಕು."

"ತಗೋರಿ."

ಮುಂಗಡವೆಂದು ಕೈಯಲ್ಲಿದ್ದಷ್ಟು ಕೊಡಹೋದೆ. ಅವರು ಕೈ ಹಿಂದೆ ಕಟ್ಟಿಕೊಂಡರು. "ದುಡಿಯೂಕಿಂತ ಮದ್ಲ ಪಗಾರ ತಗೊಳ್ಳೂ ಮನಿತನ ಅಲ್ರಿ ನಮ್ಮದು. ನೀವು ಹೊಳ್ಳಿ ಬಂದ ಮ್ಯಾಲ ಎಲ್ಲಾ ಕೂಡಿಸಿ ಕೊಡ್ರಿ." ರೈಲು ಅಲುಗಿತು. ಬಸಲಿಂಗಪ್ಪ ಸಾವ್ಕಾರರು ಕೈಮುಗಿದು ನಿಂತಿದ್ದರು. ಅದೇ ಕೊನೆಯ ಭೇಟಿ.

ನಿಜಾಮರ ರಾಜ್ಯ ಹೋಗಿ ದಾರಿಗಳು ತೆರೆದ ಮೇಲೆ ನಾನು ಹೋದೆ. ವಿಜಾಪುರದಲ್ಲಿ ನನಗೆ ಶಾಲೆಯ ಕೆಲಸ ಸಿಕ್ಕಿತ್ತು. ಹರಗೋಲಿನ ಹತ್ತಿರ ಭೀಮಣ್ಣ ನನ್ನ ಗುರುತು ಹಿಡಿದ. ಈ ಸಲ ಅವನು ನಗಲಿಲ್ಲ.

"ಆಚಿಗಿ ಯಾಕ ಹೊಂಟ್ರಿ ಮಾಸ್ತರ? ವಾಡೇನೂ ಅದಾಲತ್ತಿಗೆ ಹೋತ್ರಿ. ಸಾವ್ಕಾರ್ರು ನಿಮ್ಮ ಸಾಮಾನೆಲ್ಲಾ, ಸಾರೋಟು ಸುದ್ದಾ ಬಿಚ್ಚಿ, ನನ್ನ ಹರಗೋಲಿನ್ಯಾಗ ಹೇರಿಕೊಂಡು ಯಾದಗಿರಿಗಿ ಬಂದ್ರು. ಒಂದು ಕೋಣಿ ಬಾಡಿಗಿ ಹಿಡದು ಅದರಾಗ ಇಟ್ಟರು. ಬಾಡಿಗಿ ಕಟ್ಟಬೇಕಲ್ರಿ, ಅದಕ್ಕ ಅಡತಿ ಅಂಗಡ್ಯಾಗ ಹತ್ತಿ ತೂಕ ಬರಿಯೂ ಕೆಲಸಕ್ಕ ನಿಂತರು. ಹೋದ ಶ್ರಾವಣದಾಗ ಲಿಂಗೈಕ್ಯ ಆದ್ರು."

ಕೀಲಿ ಅವನ ಹತ್ತಿರವೇ ಇತ್ತು, ಅವನೇ ನನ್ನನ್ನು ಆ ಕೋಣೆಗೆ ಕರೆದೊಯ್ದ. ಬಾಗಿಲು ತೆಗೆದರೆ ಕಾಲಿಡಲು ಜಾಗವಿಲ್ಲ. ಎಲ್ಲವನ್ನೂ ಗೋಣಿತಟ್ಟಿನಲ್ಲಿ ಸುತ್ತಿ, ಹಗ್ಗ ಬಿಗಿದು, ಧೂಳು ಕೂಡದಂತೆ ಇಟ್ಟಿದ್ದರು.

"ಅವರು ಎಲ್ಲಿ ಮಲಗತಿದ್ರು?" ಎಂದೆ.

"ಒಳಗ ನಿಮ್ಮ ಸಾಮಾನು ತುಂಬಿತ್ತಲ್ರಿ. ಈ ಕಟ್ಟಿ ಮ್ಯಾಲನ ಮಲಗತಿದ್ರು, ಮಳಿಗಾಲದಾಗೂ."

ನನ್ನ ಅಂಗಿಯ ಒಳಜೇಬಿನಲ್ಲಿ ಅವರ ಪಗಾರವಿತ್ತು. ಒಂದು ತಿಂಗಳದೂ ಬಿಡದೆ ಕೂಡಿಸಿ ತಂದಿದ್ದೆ. ಇದನ್ನು ಯಾರಿಗೆ ಕೊಡಲಿ ಎಂದು ಭೀಮಣ್ಣನನ್ನು ಕೇಳಿದೆ.

"ಯಾರಿಗಂತ ಕೊಡತೀರಿ ಮಾಸ್ತರ, ಅವರಿಗೆ ಯಾರದಾರ್ರಿ?" ಎಂದ.

ಅವರು ಮಲಗುತ್ತಿದ್ದ ಕಟ್ಟೆಯ ಮೇಲೆ ಕೂತು ನಾನು ಅತ್ತುಬಿಟ್ಟೆ.