ತಮಿಳಿನಲ್ಲಿಲ್ಲದ ಮಾತು

ಬೋಧಕರಿಗಿಂತ ಮೊದಲೇ ಅಳುವ ದುಭಾಷಿಯನ್ನು ನಾನು ನೋಡಿದ್ದು ಕೆಲಮಂಗಲದಲ್ಲಿ, ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ. ಶೀಟಿನ ಮಾಡಿನ ಸಣ್ಣ ಕ್ರೈಸ್ತ ಸಭೆ ನಮ್ಮದು. ಹೊರಗಿನಿಂದ ಬರುವ ಬೋಧಕರು ತಮಿಳಿನಲ್ಲಿ ಒಂದು ವಾಕ್ಯ ಹೇಳುವರು. ಪಕ್ಕದಲ್ಲಿ ಇನ್ನೊಂದು ಮೈಕ್ ಹಿಡಿದ ದಾನಿಯೇಲಣ್ಣ ಅದನ್ನು ಕನ್ನಡಕ್ಕೆ ತಿರುಗಿಸುವರು. ಶಿಲುಬೆಯ ಮಾತು ಬರುವ ಸುಳಿವು ಸಿಕ್ಕರೆ ಸಾಕು, ಅಣ್ಣನ ಗಂಟಲು ಕಟ್ಟುತ್ತಿತ್ತು. ಬೋಧಕರೇ ನಿಂತು ಕಾಯಬೇಕಾಗುತ್ತಿತ್ತು.

ಬೋಧಕರು "ನಾನು" ಎಂದರೆ ದುಭಾಷಿಯೂ "ನಾನು" ಎನ್ನಬೇಕು. ಹಾಗಾಗಿ ಜವಳಗಿರಿಯಲ್ಲಿ ಹುಟ್ಟಿ ಹೆಂಡವನ್ನು ಮೂಸಿಯೂ ನೋಡದ ಆ ಮನುಷ್ಯ ನಮ್ಮ ಮುಂದೆ ಎಷ್ಟೋ ಸಲ ಮಧುರೆಯಲ್ಲಿ ಹುಟ್ಟಿದರು, ಕುಡಿದು ಹೆಂಡತಿಗೆ ಹೊಡೆದರು, ಪಶ್ಚಾತ್ತಾಪಪಟ್ಟರು. ಅವರಿಗೆ ಮದುವೆಯೇ ಆಗಿರಲಿಲ್ಲ.

ವಾರದ ದಿನಗಳಲ್ಲಿ ನಾವಿಬ್ಬರೂ ಒಂದೇ ಕಂಪನಿ ಬಸ್ಸಿನಲ್ಲಿ ಹೊಸೂರಿನ ಕಾರ್ಖಾನೆಗೆ ಹೋಗುತ್ತಿದ್ದೆವು. ಯಾರಾದರೂ ಹೊಗಳಿದರೆ, "ನಾನು ಪೈಪ್ ಇದ್ದಂಗೆ ಕಣ್ಲಾ. ನೀರು ನಿಮ್ಗೆ. ಪೈಪೂ ಒಳ್ಗೆ ಒದ್ದೆ ಆಯ್ತದಲ್ಲ, ನಂಗಷ್ಟು ಸಾಕು" ಅನ್ನುತ್ತಿದ್ದರು.

ಆ ಒದ್ದೆ ಯಾವಾಗ ಆರಿತೋ ಹೇಳಲಾರೆ. ಇಂಥದ್ದಕ್ಕೆಲ್ಲ ನೆನಪು ಒಂದು ದಿನವನ್ನು ಹುಡುಕಿ ತಂದುಕೊಡುತ್ತದೆ. ನನಗೆ ಅದರ ಮೇಲೆ ನಂಬಿಕೆಯಿಲ್ಲ. ಅಣ್ಣನಿಗೆ ಬೇಡಿಕೆ ಹೆಚ್ಚಿತು, ಒಂದೇ ಭಾನುವಾರ ಎರಡು ಮೂರು ಊರು. ಬೋಧಕರ ವಾಕ್ಯ ಮುಗಿಯುವ ಮೊದಲೇ ಕನ್ನಡ ಸಿದ್ಧವಾಗಿರುತ್ತಿತ್ತು. ಎಲ್ಲರೂ ಕಣ್ಣು ಮುಚ್ಚಿದ್ದಾಗ ಅಣ್ಣ ಬಾಯಲ್ಲಿ ಪ್ರಾರ್ಥನೆ ತಿರುಗಿಸುತ್ತ ಕೈಯಲ್ಲಿ ಮೈಕಿನ ವೈರು ಸುತ್ತುತ್ತಿದ್ದರು. ಅದು ನನಗೆ ಕಂಡಿತೆಂದರೆ ನನ್ನ ಕಣ್ಣೂ ತೆರೆದೇ ಇತ್ತು.

ಒಂದು ಸೋಮವಾರ ಬಸ್ಸಿನಲ್ಲಿ, "ನಿನ್ನೆ ತಳಿ ಊರಿನ ಸಭೆಯಲ್ಲಿ ಏನಣ್ಣ ಬೋಧನೆ?" ಎಂದು ಕೇಳಿದೆ.

ಅಣ್ಣ ತಲೆ ಕೆರೆದುಕೊಂಡರು. "ಬಾಯಾಗೆ ಬಂದು ಬಾಯಾಗೇ ಹೋಗ್ಬುಡ್ತು ಕಣ್ಲಾ. ತಲೆಗೇ ಏರ್ನಿಲ್ಲ."

"ಪೈಪು ಒಣಗ್ಬುಡ್ತೇನಣ್ಣ?"

ಅವರು ನಕ್ಕರು. ಹೊಸೂರಿನಲ್ಲಿ ನನಗಿಂತ ಮೊದಲೇ ಇಳಿದು ಹೋದರು.

ಆಮೇಲೆ ಒಂದು ಸಂಜೆ ಸೇಲಂ ಕಡೆಯ ಹಿರಿಯ ಬೋಧಕರು ಬಂದಿದ್ದರು. ತಾವು ಯೌವನದಲ್ಲಿ ಅತ್ತು ಪ್ರಾರ್ಥಿಸುತ್ತಿದ್ದುದನ್ನು ಹೇಳಿದರು, ಅಣ್ಣ ತಿರುಗಿಸಿದರು. ಬರಬರುತ್ತ ದೇವರ ಮೇಲಿನ ಆ ಪ್ರೀತಿ ತಣ್ಣಗಾಯಿತು ಎಂದರು, ಅಣ್ಣ ತಿರುಗಿಸಿದರು. "ಆದರೆ ದೇವರು ನನ್ನನ್ನು ಮತ್ತೆ ಎಬ್ಬಿಸಿದರು" ಎಂದರು ತಮಿಳಿನಲ್ಲಿ. ಅಣ್ಣ ಅದನ್ನು ತಿರುಗಿಸಲಿಲ್ಲ. ಬಳಿಕ ಕನ್ನಡದಲ್ಲಿ, "ನನಗೀಗ ಪ್ರಾರ್ಥನೆಯೇ ಬರುತ್ತಿಲ್ಲ. ಮೈಕಿಲ್ಲದೆ ಯೇಸುವಿನ ಜೊತೆ ಒಂದು ಮಾತಾಡಿ ವರ್ಷಗಳಾದವು" ಎಂದರು.

ಇವೇ ಪದಗಳೇ? ನಾನು ಸ್ವಲ್ಪ ತಿದ್ದಿರಬಹುದು. ಆದರೆ ತಮಿಳಿನಲ್ಲಿ ಆ ಮಾತು ಇರಲಿಲ್ಲ.

ಕನ್ನಡ ಅರಿಯದ ಬೋಧಕರು ಹುರುಪಿನಿಂದ "ಅಲ್ಲೆಲೂಯಾ ಸೊಲ್ಲುಂಗ", ಅಲ್ಲೆಲೂಯಾ ಹೇಳಿ, ಎಂದರು. ಕನ್ನಡವಷ್ಟೇ ಬಲ್ಲವರು, ಇದಕ್ಕೇಕೆ ಅಲ್ಲೆಲೂಯಾ ಎಂದು ತಿಳಿಯದೆ, ಮೆಲ್ಲಗೆ ಅಂದರು. ಎರಡೂ ಬಲ್ಲ ನಾವು ಚಾಪೆ ನೋಡುತ್ತ ಕುಳಿತೆವು. ಮರುದಿನ ಬಸ್ಸಿನಲ್ಲಿ ಅಣ್ಣನ ಪಕ್ಕದ ಸೀಟು ಖಾಲಿಯಿತ್ತು. ನಾನು ಹಿಂದಕ್ಕೆ ಹೋಗಿ ಕುಳಿತೆ.

ಅವರು ಮತ್ತೆ ಮೈಕ್ ಹಿಡಿಯಲಿಲ್ಲ. ಕಾರ್ಖಾನೆಯನ್ನೂ ಬಿಟ್ಟು ನಾಟ್ರಾಂಪಾಳ್ಯದ ಅಕ್ಕನ ಮನೆಗೆ ಹೊರಟವರು, ಹೇಳಿಹೋಗಲು ನಮ್ಮ ಮನೆಗೆ ಬಂದರು. ಅವರನ್ನು ನಾನು ನೋಡಿದ್ದು ಅದೇ ಕೊನೆ. ನನ್ನ ಅಮ್ಮನಿಗೆ ತಮಿಳು ಬಾರದು. ಅವರೆಕಾಯಿ ಸುಲಿಯುತ್ತಿದ್ದವಳು ಅಣ್ಣನನ್ನು ಕೂರಿಸಿಕೊಂಡು ಕೇಳಿದಳು:

"ಆವತ್ತು ಬಂದಿದ್ದ ಪಾಸ್ಟ್ರು ಎಂಗವ್ರಪ್ಪ? ಪಾಪ, ಪ್ರಾರ್ಥ್ನೆನೇ ಬತ್ತಿಲ್ಲ ಅಂತ ಎಲ್ರ ಮುಂದೆ ಅಂದ್ಬುಟ್ರಲ್ಲ. ದಿನಾ ಅವ್ರಿಗೋಸ್ಕರ ಬೇಡ್ಕೊತೀನಿ."

ಅಣ್ಣ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ.

"ಹೆಸ್ರೇ ಗೊತ್ತಿಲ್ಲ ನೋಡು. ತಮಿಳ್ ಪಾಸ್ಟ್ರು ಅಂತೀನಿ. ತಮಿಳ್ ಪಾಸ್ಟ್ರು ಏನ್ ಒಬ್ರಾ? ಯೇಸಪ್ಪಂಗೆ ಗೊಂದ್ಲ ಆಗ್ಬಾರ್ದಲ್ಲ."

"ದಾನಿಯೇಲ್ ಅಂತ, ಅಮ್ಮ."

"ನಿನ್ ಹೆಸ್ರೇ?"

"ಊಂ. ಅದೇ ಹೆಸ್ರು."

"ಸುಲ್ಬ ಆಯ್ತು ಬಿಡು. ಬಾ, ಇಬ್ರೂ ಈಗ್ಲೇ ಬೇಡ್ಕೊಂಬುಡವ."

ಅಮ್ಮ ಸಿಪ್ಪೆ ಸರಿಸಿ ಮೊಣಕಾಲೂರಿದಳು. ಅಣ್ಣನೂ ಊರಿದರು. ನಾನು ಬಾಗಿಲಲ್ಲೇ ಉಳಿದೆ; ಪಕ್ಕದಲ್ಲಿ ಹೋಗಿ ಕೂರುವ ಮುಖವಿರಲಿಲ್ಲ.

"ಯೇಸಪ್ಪಾ, ಆ ದಾನಿಯೇಲ್ ಪಾಸ್ಟ್ರುಗೆ ಮೊದ್ಲಿನಂಗೆ ಪ್ರಾರ್ಥ್ನೆ ಬರೋ ಹಂಗೆ ಮಾಡಪ್ಪ" ಎಂದಳು ಅಮ್ಮ.

"ಯೇಸಪ್ಪಾ, ನಂಗೆ ಮೊದ್ಲಿನಂಗೆ ಪ್ರಾರ್ಥ್ನೆ ಬರೋ ಹಂಗೆ ಮಾಡಪ್ಪ" ಎಂದರು ಅಣ್ಣ.

ಅಮ್ಮ ಒಂದು ಕಣ್ಣು ತೆರೆದಳು. "ನಂಗೆ ಅಲ್ಲ ಕಣಪ್ಪ, ಅವ್ರಿಗೆ."

"ಊಂ, ಅಮ್ಮ" ಎಂದ ಅಣ್ಣ ಮೊದಲಿನಿಂದ ಶುರುಮಾಡಿದರು. "ಯೇಸಪ್ಪಾ, ನಂಗೆ..." ಮುಂದಕ್ಕೆ ಗಂಟಲು ಬಿಡಲಿಲ್ಲ.

ಅಮ್ಮ ಈ ಸಲ ತಿದ್ದಲಿಲ್ಲ.